ಪ್ರಮಾಣದ ಲೆಕ್ಕ: ಉದ್ದ ಸರಿ ಬರುತ್ತದೆ, ವಿಸ್ತೀರ್ಣ ಯಾಕೆ ತಪ್ಪುತ್ತದೆ?

ಪುಟ್ಟಿಯ ಅಪ್ಪ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಶಾಲೆಯಲ್ಲಿ ಈಗ ಪ್ರಮಾಣದ ಚಿತ್ರಗಳ ಪಾಠ ನಡೆಯುತ್ತಿದೆ. ನಿನ್ನೆ ರಾತ್ರಿ ಇಬ್ಬರೂ ಕೂತು ಎರಡು ಲೆಕ್ಕದಲ್ಲಿ ಸಿಕ್ಕಿಬಿದ್ದೆವು.

ಮೊದಲನೆಯದು ಹೀಗಿದೆ. ಒಂದು ಕೋಣೆಯ ನಕ್ಷೆ 1:200 ಪ್ರಮಾಣದಲ್ಲಿದೆ. ನಕ್ಷೆಯಲ್ಲಿ ಉದ್ದ 4.5 ಸೆಂ.ಮೀ., ಅಗಲ 3 ಸೆಂ.ಮೀ. ನಿಜವಾದ ಉದ್ದ, ಅಗಲ, ವಿಸ್ತೀರ್ಣ ಹೇಳಬೇಕು. ಉದ್ದ 9 ಮೀಟರ್, ಅಗಲ 6 ಮೀಟರ್ ಅಂತ ಅವಳೇ ಮಾಡಿದಳು. ವಿಸ್ತೀರ್ಣಕ್ಕೆ ಬಂದಾಗ ಬೇರೆ ದಾರಿ ಹಿಡಿದಳು. 4.5 × 3 = 13.5. ಅದನ್ನು 200ರಿಂದ ಗುಣಿಸಿ 2700. ಮೀಟರಿಗೆ ತರಲು 100ರಿಂದ ಭಾಗಿಸಿ 27 ಚದರ ಮೀಟರ್. ಪುಸ್ತಕದ ಹಿಂದಿರುವ ಉತ್ತರ 54. ಸರಿಯಾಗಿ ಅರ್ಧ ಬಂದಿದ್ದರಿಂದ, ಎಲ್ಲೋ 2ರಿಂದ ಗುಣಿಸುವುದು ಬಿಟ್ಟುಹೋಗಿದೆ ಅಂತ ತುಂಬಾ ಹೊತ್ತು ಹುಡುಕಿದಳು. 9 × 6 ಮಾಡಿದರೆ 54 ಬರುತ್ತದಲ್ಲ ಅಂತ ನಾನು ತೋರಿಸಿದೆ. "ಅದು ಗೊತ್ತಪ್ಪಾ, ಆದರೆ ನನ್ನ ದಾರಿ ಯಾಕೆ ತಪ್ಪು?" ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ.

ಎರಡನೆಯದು: 72 ಮೀಟರ್ ಉದ್ದದ ಹಡಗಿನ ಮಾದರಿಯನ್ನು 1:144 ಪ್ರಮಾಣದಲ್ಲಿ ಮಾಡಿದರೆ ಅದರ ಉದ್ದ ಎಷ್ಟು? ಅವಳು 72ನ್ನು 144ರಿಂದ ಗುಣಿಸಿಬಿಟ್ಟಳು. ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು ಅಂತ ಮಗುವಿಗೆ ಹೇಗೆ ಹೇಳಿಕೊಡುವುದು?

ಸೀಮೆಸುಣ್ಣ:

ನಮಸ್ಕಾರ ಸರ್. ನಾನು ಗಣಿತ ಪಾಠ ಮಾಡುವವಳು. ನಿಮ್ಮ ಮಗಳ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಸರಿ ಉತ್ತರ ಸಿಕ್ಕ ಮೇಲೂ "ನನ್ನ ದಾರಿ ಯಾಕೆ ತಪ್ಪು" ಅಂತ ಕೇಳುವ ಮಕ್ಕಳು ಕಡಿಮೆ.

ಎರಡನೆಯ ಲೆಕ್ಕವನ್ನೇ ಮೊದಲು ನೋಡೋಣ. ಈ ಪಾಠದಲ್ಲಿ ಮೊದಲ ತೊಡಕು ಲೆಕ್ಕದ್ದಲ್ಲ, ಮಾತಿನದು. ಕಂಪಾಸ್ ಬಾಕ್ಸಿನಲ್ಲಿರುವ ಪಟ್ಟಿಗೂ ನಾವು ಸ್ಕೇಲ್ ಅನ್ನುತ್ತೇವೆ, ನಕ್ಷೆಯ ಮೂಲೆಯಲ್ಲಿ ಬರೆದ 1:200ಕ್ಕೂ ಸ್ಕೇಲ್ ಅನ್ನುತ್ತೇವೆ. ಹಾಗಾಗಿ ಎಷ್ಟೋ ಮಕ್ಕಳಿಗೆ 1:200 ಅನ್ನುವುದು ಏನೋ ಒಂದು ಅಳತೆ ಅನ್ನಿಸುತ್ತದೆ. ಅದು ಅಳತೆಯಲ್ಲ, ಒಂದು ವಾಕ್ಯ. "ಚಿತ್ರದಲ್ಲಿ 1 ಇದ್ದರೆ ನಿಜದಲ್ಲಿ 200" ಅಂತ ಓದಬೇಕು. ಯಾವುದರ 1? ಯಾವುದಾದರೂ ಆಗಬಹುದು. 1 ಸೆಂ.ಮೀ. ಆದರೆ 200 ಸೆಂ.ಮೀ., 1 ಇಂಚಾದರೆ 200 ಇಂಚು, ಒಂದು ಬೆರಳಗಲವಾದರೆ 200 ಬೆರಳಗಲ. ಎರಡೂ ಕಡೆ ಒಂದೇ ಮಾನ ಇರಬೇಕು, ಅಷ್ಟೇ ಷರತ್ತು.

ನಾನು ಮಕ್ಕಳಿಂದ ಈ ವಾಕ್ಯವನ್ನು ಪ್ರತಿ ಲೆಕ್ಕದ ಮೇಲೂ ಬರೆಸುತ್ತೇನೆ. ಅದರ ಕೆಳಗೆ ಎರಡು ಮನೆ ಹಾಕಿಸುತ್ತೇನೆ. ಎಡಗಡೆ "ಚಿತ್ರ", ಬಲಗಡೆ "ನಿಜ". ಹಡಗಿನ ಲೆಕ್ಕದಲ್ಲಿ ಕೊಟ್ಟಿರುವ 72 ಮೀಟರ್ ಯಾವ ಮನೆಗೆ ಸೇರಬೇಕು? ನಿಜದ ಮನೆಗೆ. ಕೇಳಿರುವುದು ಎಡಗಡೆಯದು. ಬಲದಿಂದ ಎಡಕ್ಕೆ ಬರುವಾಗ ಸಣ್ಣದಾಗಬೇಕು, ಅಂದರೆ ಭಾಗಿಸಬೇಕು. 72 ಮೀಟರ್ ಅಂದರೆ 7200 ಸೆಂ.ಮೀ. 7200 ÷ 144 = 50 ಸೆಂ.ಮೀ. ಮೇಜಿನ ಮೇಲೆ ಇಡಬಹುದಾದ ಹಡಗು. ಗುಣಿಸಿದರೆ 10,368 ಮೀಟರ್ ಬರುತ್ತದೆ, ಹತ್ತು ಕಿಲೋಮೀಟರಿಗಿಂತ ಜಾಸ್ತಿ. "ಈ ಮಾದರಿಯನ್ನು ಎಲ್ಲಿ ಇಡುತ್ತೀಯಾ?" ಅಂತ ಕೇಳಿ ನೋಡಿ. ತಪ್ಪು ಎಲ್ಲಿದೆ ಅಂತ ಮಗುವೇ ಹಿಡಿಯುತ್ತದೆ.

ಹತ್ತನೇ ಕ್ಲಾಸ್:

ಮಿಸ್, ಇದಕ್ಕೆಲ್ಲ ಮನೆ ಹಾಕುವುದು ಯಾಕೆ? 1/144 = x/7200 ಅಂತ ಬರೆದು ಅಡ್ಡ ಗುಣಾಕಾರ ಮಾಡಿದರೆ ಸಾಕಲ್ವಾ? ನಾನು ಯಾವಾಗಲೂ ಹಾಗೇ ಮಾಡುವುದು.

ಸೀಮೆಸುಣ್ಣ:

ಸಾಕು ಮರಿ. ನೀನು x ಎಲ್ಲಿ ಬರಬೇಕು ಅಂತ ಆಗಲೇ ತಿಳಿದುಕೊಂಡಿದ್ದೀಯ, ಅದಕ್ಕೇ ನಿನಗೆ ಸರಿ ಬರುತ್ತಿದೆ. ಚಿತ್ರದ ಅಳತೆ ಮೇಲೆ, ನಿಜದ ಅಳತೆ ಕೆಳಗೆ, ಎರಡೂ ಬದಿಗೆ. ಆ ಎರಡು ಮನೆ ನಿನ್ನ ತಲೆಯಲ್ಲೇ ಇದೆ. ಹೊಸದಾಗಿ ಕಲಿಯುವ ಮಗು 1/144 = 7200/x ಅಂತ ಬರೆದರೂ ಅಡ್ಡ ಗುಣಾಕಾರ ಸುಮ್ನೆ ಒಂದು ಉತ್ತರ ಕೊಟ್ಟೇ ಕೊಡುತ್ತದೆ. ಹಳೆಯ ಲೆಕ್ಕದಲ್ಲಿ ಇದನ್ನೇ ತ್ರೈರಾಶಿ ಅನ್ನುತ್ತಿದ್ದರು. ಮೂರು ಗೊತ್ತು, ನಾಲ್ಕನೆಯದು ಬೇಕು. ಯಾವ ಮೂರು, ಯಾವ ಸಾಲಿನಲ್ಲಿ ಅನ್ನುವುದರಲ್ಲೇ ಇಡೀ ಲೆಕ್ಕ ಇದೆ.

ಈಗ ವಿಸ್ತೀರ್ಣಕ್ಕೆ ಬರೋಣ. ಸರ್, ಮಗಳ ಕೈಗೆ ಒಂದು ಚೌಕುಳಿ ಹಾಳೆ ಕೊಡಿ, ಒಂದೊಂದು ಚೌಕ 1 ಸೆಂ.ಮೀ. ಇರುವಂಥದ್ದು. ಅದರ ಮೇಲೆ 4.5 × 3ರ ಆ ಕೋಣೆಯನ್ನು ಬರೆಯಲಿ. ಒಳಗೆ ಎಷ್ಟು ಚೌಕ ಇವೆ ಅಂತ ಎಣಿಸಲಿ. ಪೂರ್ತಿ ಚೌಕ 12, ಅರ್ಧ ಚೌಕ 3. ಒಟ್ಟು 13.5. ಈಗ ಒಂದೇ ಒಂದು ಚೌಕದ ಮೇಲೆ ಬೆರಳಿಟ್ಟು ಕೇಳಿ: ಈ ಚೌಕ ನಿಜದಲ್ಲಿ ಎಷ್ಟು ದೊಡ್ಡದು? ಅದರ ಒಂದು ಬದಿ 1 ಸೆಂ.ಮೀ., ನಿಜದಲ್ಲಿ 2 ಮೀಟರ್. ಇನ್ನೊಂದು ಬದಿಯೂ 2 ಮೀಟರ್. ಅಂದರೆ ಆ ಪುಟ್ಟ ಚೌಕ 4 ಚದರ ಮೀಟರ್ ನೆಲ. ಅಂಥವು 13.5 ಇದ್ದರೆ 54.

ಅವಳ ದಾರಿಯಲ್ಲಿ ಒಂದಲ್ಲ, ಎರಡು ತಪ್ಪಿವೆ. 200 ಅನ್ನುವುದು ಉದ್ದಕ್ಕೆ ಸೇರಿದ ಸಂಖ್ಯೆ. ಕೋಣೆ ಉದ್ದದಲ್ಲೂ 200 ಪಟ್ಟು ಹಿಗ್ಗಿದೆ, ಅಗಲದಲ್ಲೂ 200 ಪಟ್ಟು ಹಿಗ್ಗಿದೆ. ಅವಳು ಒಂದು ಕಡೆ ಮಾತ್ರ ಹಿಗ್ಗಿಸಿದಳು. ಹಾಗೆಯೇ ಒಂದು ಚದರ ಮೀಟರಿನಲ್ಲಿ 100 ಅಲ್ಲ, 100 × 100 ಅಂದರೆ 10,000 ಚದರ ಸೆಂ.ಮೀ. ಇವೆ. ಅಲ್ಲೂ ಒಂದೇ ಸಲ ಭಾಗಿಸಿದಳು. 200 ಪಟ್ಟು ಕಡಿಮೆಯಾಗಿದ್ದ ಉತ್ತರ, 100 ಪಟ್ಟು ಜಾಸ್ತಿಯಾಗಿ, ಕೊನೆಗೆ ಅರ್ಧಕ್ಕೆ ಬಂದು ನಿಂತಿತು. ಅದಕ್ಕೇ ತಪ್ಪು ಚಿಕ್ಕದು ಅಂತ ಕಂಡಿತು. ಸರಿಯಾದ ಸಾಲು ಇದು: 13.5 × 200 × 200 = 5,40,000 ಚದರ ಸೆಂ.ಮೀ. 10,000ದಿಂದ ಭಾಗಿಸಿದರೆ 54 ಚದರ ಮೀಟರ್.

ಪುಟ್ಟಿಯ ಅಪ್ಪ:

ಮೇಡಂ, ಈಗಷ್ಟೇ ಹಾಳೆ ಮೇಲೆ ಮಾಡಿದೆವು. "ಒಂದು ಚೌಕ ಅಂದರೆ ನಾಲ್ಕು ಚದರ ಮೀಟರಾ!" ಅಂತ ಅವಳ ಕಣ್ಣು ಅರಳಿತು. ಆಮೇಲೆ ಅವಳೇ ಇನ್ನೊಂದು ಪ್ರಶ್ನೆ ಎತ್ತಿದಳು. ಕೋಣೆಯ ಮೂಲೆಯ ಕೋನ 90 ಡಿಗ್ರಿ ಇದೆ, ಅದನ್ನೂ 200ರಿಂದ ಗುಣಿಸಬೇಕಾ?

ಸೀಮೆಸುಣ್ಣ:

ಬೇಡ. ಕೋನ ಬದಲಾಗುವುದಿಲ್ಲ. ಕೋನವೂ ಬದಲಾದರೆ ಆಕಾರವೇ ಬೇರೆಯಾಗುತ್ತದೆ, ಅದು ಆ ಕೋಣೆಯ ಚಿತ್ರವೇ ಅಲ್ಲ.

ಪುಟಾಣಿ ರೈಲು:

ನಾನು ಬಿಡುವಿನಲ್ಲಿ ರೈಲು, ಕಾರುಗಳ ಮಾದರಿ ಕಟ್ಟುತ್ತೇನೆ. ದಿನವೂ ಮಾಡುವುದು ಇದೇ ಲೆಕ್ಕ, ಹಾಗಾಗಿ ಒಂದೆರಡು ಮಾತು ಸೇರಿಸುತ್ತೇನೆ.

ಪುಸ್ತಕದಲ್ಲಿ ಪ್ರಮಾಣ ಕೊಟ್ಟಿರುತ್ತಾರೆ. ನಮಗೆ ಎಷ್ಟೋ ಸಲ ಅದನ್ನೇ ಹುಡುಕಬೇಕಾಗುತ್ತದೆ. ಕೈಯಲ್ಲಿರುವ ಕಾರಿನ ಮಾದರಿ 18 ಸೆಂ.ಮೀ., ನಿಜವಾದ ಕಾರು 4.32 ಮೀಟರ್. ಮೊದಲು ಎರಡನ್ನೂ ಸೆಂ.ಮೀ.ಗೆ ತರಬೇಕು. 432 ÷ 18 = 24. ಪ್ರಮಾಣ 1:24. ಈ ಹಂತದಲ್ಲಿ ಮೀಟರನ್ನು ಹಾಗೇ ಬಿಟ್ಟು 4.32ನ್ನು 18ರಿಂದ ಭಾಗಿಸಿದರೆ 0.24 ಬರುತ್ತದೆ. ಪ್ರಮಾಣ ಕಡೆಗೆ 1ಕ್ಕಿಂತ ಕಡಿಮೆ ಬಂತು ಅಂದರೆ, ಮಾದರಿ ನಿಜವಾದ ಕಾರಿಗಿಂತ ದೊಡ್ಡದು ಅಂತ ಅರ್ಥ. ಅಲ್ಲೇ ನಿಂತು ಮಾನ ನೋಡಬೇಕು.

ಮಾದರಿಗಳಲ್ಲಿ ಕೆಲವು ಪ್ರಮಾಣಗಳು ರೂಢಿಗೆ ಬಂದುಬಿಟ್ಟಿವೆ. ವಿಮಾನಕ್ಕೆ 1:72, 1:48. ಕಾರಿಗೆ 1:18, 1:24, 1:43. ರೈಲಿನಲ್ಲಿ ಎಚ್‌ಒ ಅನ್ನುವುದು 1:87, ಎನ್ ಅನ್ನುವುದು 1:160. 87 ಎಂಥಾ ವಿಚಿತ್ರ ಸಂಖ್ಯೆ ಅನ್ನಿಸುತ್ತದೆ, ಅಲ್ವಾ? ನಿಜದ ಒಂದು ಅಡಿಗೆ ಮಾದರಿಯಲ್ಲಿ 3.5 ಮಿ.ಮೀ. ಅಂತ ಇಟ್ಟುಕೊಂಡಿದ್ದರಿಂದ ಬಂದದ್ದು ಅದು. ಒಂದು ಅಡಿ ಅಂದರೆ 304.8 ಮಿ.ಮೀ. ಅದನ್ನು 3.5ರಿಂದ ಭಾಗಿಸಿ ನೋಡಿ, 87.1ರ ಹತ್ತಿರ ಬರುತ್ತದೆ. ಹಾಗೆಯೇ ಕಾಲು ಇಂಚಿಗೆ ಒಂದು ಅಡಿ ಅಂದರೆ 1:48. ಒಂದು ಅಡಿಯಲ್ಲಿ 12 ಇಂಚು, ಪ್ರತಿ ಇಂಚಿನಲ್ಲಿ 4 ಕಾಲು. ಮಕ್ಕಳಿಗೆ ಇದು ಒಳ್ಳೆಯ ಲೆಕ್ಕ.

1.74 ಮೀಟರ್ ಎತ್ತರದ ಮನುಷ್ಯ 1:87ರಲ್ಲಿ ಸರಿಯಾಗಿ 2 ಸೆಂ.ಮೀ. ನನ್ನ ಪ್ಲಾಟ್‌ಫಾರ್ಮಿನ ಮೇಲೆ ಅಂಥ ಹನ್ನೊಂದು ಜನ ನಿಂತಿದ್ದಾರೆ. ಆದರೆ ದಪ್ಪದ ವಿಷಯದಲ್ಲಿ ಪ್ರಮಾಣ ಪಾಲಿಸುವುದು ಆಗದ ಮಾತು. ಕಾರಿನ ತಗಡು 0.8 ಮಿ.ಮೀ. ದಪ್ಪ ಅಂದುಕೊಳ್ಳಿ. 1:24ರಲ್ಲಿ ಅದು 0.033 ಮಿ.ಮೀ. ಬರೆಯುವ ಹಾಳೆಯೇ ಸುಮಾರು 0.1 ಮಿ.ಮೀ. ಇರುತ್ತದೆ. ಹಾಗಾಗಿ ಯಾವ ಮಾದರಿಯೂ ದಪ್ಪದಲ್ಲಿ ನಿಜ ಹೇಳುವುದಿಲ್ಲ. ಅಳತೆ ತೆಗೆಯುವಾಗ ಹೊರಗಿನಿಂದ ಹೊರಗೆ ತೆಗೆಯಿರಿ. ಒಳಗಿನ ಅಳತೆ ನಂಬಬೇಡಿ.

ಹತ್ತನೇ ಕ್ಲಾಸ್:

ಅಂಕಲ್, ತೂಕಕ್ಕೂ 24ರಿಂದಲೇ ಭಾಗಿಸಬೇಕಾ?

ಪುಟಾಣಿ ರೈಲು:

ಇಲ್ಲಪ್ಪ. ಒಂದು ಲೆಕ್ಕ ಕೊಡುತ್ತೇನೆ, ಮೊದಲು ಊಹೆ ಮಾಡು, ಆಮೇಲೆ ಬರೆ. ಪ್ಯಾರಿಸ್ಸಿನ ಐಫೆಲ್ ಗೋಪುರದ ಎತ್ತರ 330 ಮೀಟರ್. ಅದರ ಕಬ್ಬಿಣದ ಚೌಕಟ್ಟಿನ ತೂಕ ಸುಮಾರು 7,300 ಟನ್. 1:1000 ಪ್ರಮಾಣದಲ್ಲಿ, ಅದೇ ಕಬ್ಬಿಣದಲ್ಲಿ, ಒಂದೊಂದು ಪಟ್ಟಿಯನ್ನೂ ಹಾಗೇ ಸಣ್ಣದು ಮಾಡಿ ಕಟ್ಟಿದೆ ಅಂದುಕೋ. ಮಾದರಿಯ ಎತ್ತರ 33 ಸೆಂ.ಮೀ. ತೂಕ ಎಷ್ಟು?

ಹತ್ತನೇ ಕ್ಲಾಸ್:

7.3 ಟನ್? ಇಲ್ಲ, 33 ಸೆಂ.ಮೀ. ವಸ್ತು ಅಷ್ಟು ಭಾರ ಇರಲ್ಲ. ವಿಸ್ತೀರ್ಣದ ಥರ ಎರಡು ಸಲ ಭಾಗಿಸಿದರೆ 7.3 ಕೆ.ಜಿ. ಅದು ಇರಬಹುದು ಅನ್ನಿಸುತ್ತೆ.

ಪುಟಾಣಿ ರೈಲು:

ಇನ್ನೂ ಒಂದು ಸಲ ಭಾಗಿಸಬೇಕು. 7.3 ಗ್ರಾಂ.

ಹತ್ತನೇ ಕ್ಲಾಸ್:

ಏನು! ನನ್ನ ಪೆನ್ನಿನಷ್ಟು ತೂಕವಾ?

ಸೀಮೆಸುಣ್ಣ:

ಹೌದು, ಲೆಕ್ಕ ಸರಿ ಇದೆ. ಇದನ್ನು ನಂಬಬೇಕಾದರೆ ಕಣ್ಣಲ್ಲಿ ಕಾಣಬೇಕು. ಆಟದ ದಾಳಗಳನ್ನು ನೆನೆಸಿಕೋ. ಉದ್ದಕ್ಕೆ 10 ದಾಳ ಜೋಡಿಸು. ಅಂಥ 10 ಸಾಲು ಮಾಡಿದರೆ ಒಂದು ಹಾಸು, 100 ದಾಳ. ಅಂಥ 10 ಹಾಸು ಒಂದರ ಮೇಲೊಂದು ಇಟ್ಟರೆ ದೊಡ್ಡ ಘನ, 1000 ದಾಳ. ಈ ದೊಡ್ಡ ಘನದ ಬದಿ ಒಂದು ದಾಳದ 10 ಪಟ್ಟು ಮಾತ್ರ. ಆದರೆ ತೂಕ 1000 ಪಟ್ಟು. 1:10 ಪ್ರಮಾಣದಲ್ಲಿ ಉದ್ದಕ್ಕೆ 10, ವಿಸ್ತೀರ್ಣಕ್ಕೆ 100, ಘನಫಲಕ್ಕೂ ತೂಕಕ್ಕೂ 1000. ಗೋಪುರದ ಪ್ರಮಾಣ 1:1000 ಆದ್ದರಿಂದ ತೂಕವನ್ನು 1000 × 1000 × 1000, ಅಂದರೆ ನೂರು ಕೋಟಿಯಿಂದ ಭಾಗಿಸಬೇಕು. 7,300 ಟನ್ ಅಂದರೆ 730 ಕೋಟಿ ಗ್ರಾಂ. ನೂರು ಕೋಟಿಯಿಂದ ಭಾಗಿಸಿದರೆ 7.3.

ನಿಜದಲ್ಲಿ ಅಷ್ಟು ತೆಳ್ಳಗಿನ ಪಟ್ಟಿಗಳನ್ನು ಯಾರೂ ಮಾಡುವುದಿಲ್ಲ, ಈಗಷ್ಟೇ ದಪ್ಪದ ಬಗ್ಗೆ ಅವರು ಹೇಳಿದರಲ್ಲ. ಹಾಗಾಗಿ ಕೈಯಲ್ಲಿ ಹಿಡಿಯುವ ಗೋಪುರಗಳು ಇದಕ್ಕಿಂತ ತುಂಬಾ ಭಾರ ಇರುತ್ತವೆ.

ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಇದೇ ವಿಷಯವನ್ನು ಎಲುಬಿನ ಉದಾಹರಣೆಯಿಂದ ವಿವರಿಸಿದ್ದಾನೆ. ಒಂದು ಪ್ರಾಣಿಯನ್ನು ಎಲ್ಲಾ ಕಡೆಯಿಂದ ಎರಡು ಪಟ್ಟು ಹಿಗ್ಗಿಸಿದರೆ ಮೈತೂಕ 8 ಪಟ್ಟಾಗುತ್ತದೆ. ಆ ತೂಕ ಹೊರುವ ಎಲುಬನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ವಿಸ್ತೀರ್ಣ 4 ಪಟ್ಟು ಮಾತ್ರ. ಅದಕ್ಕೇ ದೊಡ್ಡ ಪ್ರಾಣಿಯ ಎಲುಬು ಪ್ರಮಾಣ ಮೀರಿ ದಪ್ಪ ಇರಬೇಕಾಗುತ್ತದೆ. ನನಗೆ ಈ ಪಾಠದಲ್ಲಿ ಅತಿ ಇಷ್ಟದ ಜಾಗ ಇದು. ಒಂದು ಸಾಲಿನ ಅನುಪಾತ ಆನೆಯ ಕಾಲು ಯಾಕೆ ಕಂಬದ ಹಾಗಿದೆ ಅಂತ ಹೇಳಿಬಿಡುತ್ತದೆ.

ಸರಪಳಿ:

ಸರ್ವೆ ಕೆಲಸದಲ್ಲಿ ಇರುವವನು ನಾನು. ಭೂಪಟದ ಲೆಕ್ಕದ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

1:50,000 ಅಂತ ಕಂಡ ಕೂಡಲೇ ಸೊನ್ನೆ ನೋಡಿ ಹೆದರುವುದು ಬೇಡ. 1 ಸೆಂ.ಮೀ.ಗೆ 50,000 ಸೆಂ.ಮೀ. ಮೀಟರಿಗೆ ತರಲು ಎರಡು ಸೊನ್ನೆ ತೆಗೆಯಿರಿ, 500 ಮೀಟರ್. ಅಂದರೆ 2 ಸೆಂ.ಮೀ.ಗೆ ಒಂದು ಕಿಲೋಮೀಟರ್. 1:25,000 ಆದರೆ 1 ಸೆಂ.ಮೀ.ಗೆ 250 ಮೀಟರ್. ಇದೊಂದನ್ನು ಮೊದಲೇ ಮಾಡಿಕೊಂಡರೆ ಆಮೇಲೆ ಬಾಯಿಲೆಕ್ಕದಲ್ಲೇ ಹೋಗಬಹುದು. ಹಳೆಯ ಭೂಪಟಗಳಲ್ಲಿ 1:63,360 ಅಂತ ಕಂಡರೆ ಅದು ಒಂದು ಇಂಚಿಗೆ ಒಂದು ಮೈಲಿ. ಒಂದು ಮೈಲಿಯಲ್ಲಿ ಅಷ್ಟೇ ಇಂಚುಗಳಿವೆ.

ವಿಸ್ತೀರ್ಣಕ್ಕೂ ಮೇಡಂ ಹೇಳಿದ ಚೌಕದ ದಾರಿಯೇ ಸರಿ. 1:25,000 ಭೂಪಟದಲ್ಲಿ ಒಂದು ಕೆರೆ 6 ಚದರ ಸೆಂ.ಮೀ. ಇದೆ ಅನ್ನೋಣ. ಒಂದು ಚೌಕ ಅಂದರೆ 250 × 250 = 62,500 ಚದರ ಮೀಟರ್, ಅಂದರೆ 6.25 ಹೆಕ್ಟೇರ್. ಆರು ಚೌಕಕ್ಕೆ 37.5 ಹೆಕ್ಟೇರ್.

ಅಂಕುಡೊಂಕು ದಾರಿಯ ಉದ್ದ ಬೇಕಾದರೆ ಪಟ್ಟಿ ಇಟ್ಟು ಅಳೆಯಬೇಡಿ. ಒಂದು ದಾರವನ್ನು ಒದ್ದೆ ಮಾಡಿ ದಾರಿಯ ಮೇಲೆ ತಿರುವಿಗೆ ಸರಿಯಾಗಿ ಕೂರಿಸಿ. ಆಮೇಲೆ ಅದನ್ನು ನೇರ ಮಾಡಿ ಅಳೆಯಿರಿ. ಎಳೆದು ಬಿಗಿ ಮಾಡಬಾರದು. ಪೆನ್ಸಿಲ್ ಗೆರೆಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ. 1:50,000ದಲ್ಲಿ ಅರ್ಧ ಮಿ.ಮೀ. ಆಚೀಚೆ ಆದರೆ ನೆಲದ ಮೇಲೆ 25 ಮೀಟರ್. ಹಾಗಿರುವಾಗ ಉತ್ತರವನ್ನು "3,287 ಮೀಟರ್" ಅಂತ ಬರೆಯುವುದರಲ್ಲಿ ಅರ್ಥವಿಲ್ಲ. "ಸುಮಾರು 3.3 ಕಿ.ಮೀ." ಅನ್ನುವುದೇ ಪ್ರಾಮಾಣಿಕ ಉತ್ತರ.

ಇನ್ನೊಂದು ವಿಷಯ. ಭೂಪಟ ಮೇಲಿನಿಂದ ನೋಡಿದ ನೋಟ. ಅದರಲ್ಲಿರುವ ದೂರ ಮಟ್ಟಸವಾದ ದೂರ. ಭೂಪಟದಲ್ಲಿ ಅಳೆದಾಗ 1200 ಮೀಟರ್ ಬಂತು, ಅಷ್ಟರಲ್ಲಿ ಗುಡ್ಡ 500 ಮೀಟರ್ ಒಂದೇ ಸಮನೆ ಏರಿದೆ ಅಂದರೆ, ನೀವು ನಡೆಯುವುದು 1300 ಮೀಟರ್. ಪೈಥಾಗೊರಸ್ ಪ್ರಮೇಯ ಹಾಕಿ ನೋಡಿ.

ಹತ್ತನೇ ಕ್ಲಾಸ್:

ನಮಗೆ ಒಂದು ಲೆಕ್ಕ ಉಲ್ಟಾ ಕೊಟ್ಟಿದ್ದರು. 1 ಹೆಕ್ಟೇರ್ ಜಮೀನು ನಕ್ಷೆಯಲ್ಲಿ 4 ಚದರ ಸೆಂ.ಮೀ. ಇದೆ, ಪ್ರಮಾಣ ಎಷ್ಟು? ನಾನು 10,000 ÷ 4 = 2500 ಮಾಡಿ 1:2500 ಅಂತ ಬರೆದೆ, ತಪ್ಪಾಯಿತು. ಈಗ ಗೊತ್ತಾಯಿತು. 1 ಚದರ ಸೆಂ.ಮೀ. ಅಂದರೆ 2500 ಚದರ ಮೀಟರ್. ಚೌಕದ ಬದಿ ಬೇಕಾದರೆ ವರ್ಗಮೂಲ ತೆಗೆಯಬೇಕು, 50 ಮೀಟರ್. 1 ಸೆಂ.ಮೀ.ಗೆ 50 ಮೀಟರ್ ಅಂದರೆ 1:5000. ಸರಿನಾ?

ಸರಪಳಿ:

ಸರಿಯಾಗಿದೆ. ಕೊಟ್ಟಿದ್ದು ವಿಸ್ತೀರ್ಣ, ಪ್ರಮಾಣ ಉದ್ದದ್ದು. ನಡುವೆ ವರ್ಗಮೂಲ ಬಂದೇ ಬರುತ್ತದೆ.

ಮರಗೆಲಸ:

ನನಗಾದ ನಷ್ಟ ಹೇಳುತ್ತೇನೆ, ಬೇರೆಯವರಿಗೆ ಆಗದಿರಲಿ. ಗೋಡೆಯ ಸಂದಿನಲ್ಲಿ ಕೂರುವ ಕಪಾಟು ಮಾಡಬೇಕಿತ್ತು. ನಕ್ಷೆಯ ಪ್ರಿಂಟ್ ಕೈಗೆ ಬಂತು, ಮೂಲೆಯಲ್ಲಿ 1:100 ಅಂತ ಇತ್ತು. ಪಟ್ಟಿ ಇಟ್ಟು ನೋಡಿದೆ, 17 ಮಿ.ಮೀ. ಅಂದರೆ 1.7 ಮೀಟರ್ ಅಂತ ಹಲಗೆ ಕೊಯ್ದೆ. ಕೂರಿಸಲು ಹೋದರೆ ಸಂದು 2.4 ಮೀಟರ್ ಇದೆ. ಎಪ್ಪತ್ತು ಸೆಂ.ಮೀ. ಖಾಲಿ.

ಆಮೇಲೆ ತಿಳಿಯಿತು. ನಕ್ಷೆ ಬರೆದದ್ದು ಎ3 ಹಾಳೆಗೆ. ಪ್ರಿಂಟ್ ತೆಗೆಯುವಾಗ ಎ4ಕ್ಕೆ ಕುಗ್ಗಿದೆ. 1:100 ಅನ್ನುವ ಅಕ್ಷರ ಮಾತ್ರ ಹಾಗೇ ಉಳಿದಿದೆ.

ಸೀಮೆಸುಣ್ಣ:

ಅಯ್ಯೋ, ಬೇಜಾರಾಯಿತು. ನೀವು ಹೇಳಿದ್ದು ತುಂಬಾ ಮುಖ್ಯವಾದದ್ದು. ಎ4ರ ಎರಡರಷ್ಟು ವಿಸ್ತೀರ್ಣ ಎ3. ವಿಸ್ತೀರ್ಣ 2 ಪಟ್ಟು ಅಂದರೆ ಉದ್ದ 2ರ ವರ್ಗಮೂಲದಷ್ಟು, 1.414 ಪಟ್ಟು. ಹಾಗಾಗಿ ನಿಮ್ಮ ಕೈಯಲ್ಲಿದ್ದ ನಕ್ಷೆ 1:141ಕ್ಕೆ ಇಳಿದಿತ್ತು. 1.7 × 1.414 ಮಾಡಿದರೆ 2.4 ಸಿಗುತ್ತದೆ. ಇದಕ್ಕೇ ಭೂಪಟಗಳಲ್ಲಿ ಸಂಖ್ಯೆಯ ಜೊತೆಗೆ ಒಂದು ಗೆರೆಯನ್ನೂ ಎಳೆದು, ಅದರ ಮೇಲೆ 0, 1, 2 ಕಿ.ಮೀ. ಅಂತ ಗುರುತು ಹಾಕಿರುತ್ತಾರೆ. ಹಾಳೆ ಹಿಗ್ಗಲಿ, ಕುಗ್ಗಲಿ, ಆ ಗೆರೆಯೂ ಅದರ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಗೆರೆ ಇಲ್ಲದಿದ್ದರೆ, ನಕ್ಷೆಯಲ್ಲಿ ಬರೆದಿರುವ ಯಾವುದಾದರೂ ಒಂದು ಅಳತೆಯನ್ನು ಪಟ್ಟಿಯಿಂದ ಪರೀಕ್ಷಿಸಿ, ಆಮೇಲೆ ಮಾತ್ರ ಉಳಿದದ್ದನ್ನು ನಂಬಿ.

ಪುಟ್ಟಿಯ ಅಪ್ಪ:

ಒಂದು ಸಣ್ಣ ಅನುಮಾನ. ಇರುವೆಯ ಚಿತ್ರದ ಕೆಳಗೆ 20:1 ಅಂತ ಇದೆ. ಇದು ಅಚ್ಚಿನ ತಪ್ಪಾ?

ಸೀಮೆಸುಣ್ಣ:

ತಪ್ಪಲ್ಲ. ಮೊದಲ ಸಂಖ್ಯೆ ಚಿತ್ರದ್ದು, ಎರಡನೆಯದು ನಿಜದ್ದು. ಚಿತ್ರದಲ್ಲಿ 20 ಇದ್ದರೆ ನಿಜದಲ್ಲಿ 1. ಚಿತ್ರದ ಇರುವೆ 6 ಸೆಂ.ಮೀ. ಇದ್ದರೆ ನಿಜವಾದ ಇರುವೆ 3 ಮಿ.ಮೀ.

ಪುಟ್ಟಿಯ ಅಪ್ಪ:

ಎಲ್ಲರಿಗೂ ಧನ್ಯವಾದ. ಕಳೆದ ವಾರ ಬರೆದದ್ದೆಲ್ಲ ಮಗಳಿಗೆ ಓದಿ ಹೇಳಿದೆ. ಭಾನುವಾರ ಅವಳು ತನ್ನ ಕೋಣೆಯ ನಕ್ಷೆ ಬರೆಯಲು ಕೂತಳು. ಕೋಣೆ 4.2 ಮೀಟರ್ ಉದ್ದ, 3.6 ಮೀಟರ್ ಅಗಲ. ಹಾಳೆಯಲ್ಲಿ ಬರೆಯಲು ಜಾಗ 20 ಸೆಂ.ಮೀ.ಗೆ 15 ಸೆಂ.ಮೀ. ಮೊದಲು 1:20 ನೋಡಿದಳು. 21ಕ್ಕೆ 18 ಬಂತು, ಹಿಡಿಸಲಿಲ್ಲ. 1:30 ಹಿಡಿಸುತ್ತಿತ್ತು, ಆದರೆ ಒಂದು ಮೀಟರಿಗೆ 3.33 ಸೆಂ.ಮೀ. ಬರುತ್ತದೆ, ಪಟ್ಟಿಯಲ್ಲಿ ಗುರುತು ಹಾಕುವುದು ಕಷ್ಟ ಅಂದಳು. ಕೊನೆಗೆ 1:25 ಆರಿಸಿಕೊಂಡಳು. ಒಂದು ಮೀಟರಿಗೆ 4 ಸೆಂ.ಮೀ., ಕೋಣೆ 16.8ಕ್ಕೆ 14.4. ಯಾರೂ ಹೇಳಿಕೊಡದೆ ಪ್ರಮಾಣವನ್ನು ತಾನೇ ಆರಿಸಿದಳು, ಅದು ನನಗೆ ಎಲ್ಲಕ್ಕಿಂತ ಖುಷಿ.

ಮಂಚ, ಕಿಟಕಿ, ಮೇಜು ಎಲ್ಲ ಬರೆದ ಮೇಲೆ ಬಾಗಿಲು ಬರೆದಳು. ಬಾಗಿಲು 90 ಸೆಂ.ಮೀ., ಚಿತ್ರದಲ್ಲಿ 3.6. ಅದು ತೆರೆಯುವ ಜಾಗ ತೋರಿಸಲು ಕೈವಾರ ಇಟ್ಟು ಕಂಸ ಎಳೆದಳು. ಕಂಸ ಮೇಜಿನ ಮೂಲೆಯನ್ನು ದಾಟಿ ಹೋಯಿತು. ಆ ಬಾಗಿಲು ಪೂರ್ತಿ ತೆರೆಯದೆ ಮೇಜಿಗೆ ತಾಗುತ್ತದೆ ಅಂತ ನಮಗೆ ಮೊದಲಿಂದ ಗೊತ್ತಿತ್ತು, ಮೇಜು ಎಷ್ಟು ಸರಿಸಬೇಕು ಅನ್ನುವುದು ಗೊತ್ತಿರಲಿಲ್ಲ. ಅವಳು ಕಾಗದದ ಮೇಲೆ ಮೇಜನ್ನು ಅಳಿಸಿ, 1.2 ಸೆಂ.ಮೀ. ಪಕ್ಕಕ್ಕೆ ಬರೆದಳು. ಕಂಸ ಮೇಜಿಗೆ ತಾಗದೆ ಹಾದುಹೋಯಿತು. "1.2ನ್ನು 25ರಿಂದ ಗುಣಿಸಿದರೆ 30 ಸೆಂ.ಮೀ. ಅಪ್ಪಾ" ಅಂದಳು. ಇಬ್ಬರೂ ಸೇರಿ ಮೇಜನ್ನು 30 ಸೆಂ.ಮೀ. ಸರಿಸಿದೆವು. ಬಾಗಿಲು ಗೋಡೆಯವರೆಗೆ ಹೋಗಿ ನಿಂತಿತು.